ಒಣಗದ ಮೂರು ಬಾಗಿಲು

ನನಗೊಂದು ದುರಭ್ಯಾಸವಿದೆ. ಯಾವುದೇ ಕೆಲಸವನ್ನು ಬೇರೆಯವರು ಮಾಡುವುದನ್ನು ಹತ್ತು ನಿಮಿಷ ನಿಂತು ನೋಡಿದರೆ ಸಾಕು, ಇಷ್ಟೇನಾ ಅನ್ನಿಸಿಬಿಡುತ್ತದೆ. ತೆಂಗಿನಕಾಯಿ ಸುಲಿಯುವುದೂ ಒಮ್ಮೆ ಹಾಗೇ ಅನ್ನಿಸಿ, ಅಂಗೈಗೆ ಮೂರು ಹೊಲಿಗೆ ಬಿದ್ದಿದೆ. ಆದರೂ ಬುದ್ಧಿ ಬಂದಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನಿಗೆ ಬುದ್ಧಿ ಹೊರಗಿನಿಂದ ಬರಬೇಕಾಗಿಲ್ಲ ಎಂದು ನಾನು ನಂಬಿಕೊಂಡಿರುವುದೇ ಅದಕ್ಕೆ ಕಾರಣವಿರಬೇಕು.

ನಾವಾಗ ತುರುವೇಕೆರೆಯಲ್ಲಿದ್ದೆವು. ನಾವು ಎಂದರೆ ನಾನೊಬ್ಬನೇ. ಹೆಂಡತಿ ಗಿರಿಜ ಬಾಣಂತನಕ್ಕೆಂದು ಹುಳಿಯಾರಿನ ತವರಿಗೆ ಹೋಗಿದ್ದವಳು ಇನ್ನೂ ಬಂದಿರಲಿಲ್ಲ. ಮಗುವಿಗೆ ಐದು ತಿಂಗಳು ತುಂಬುತ್ತಿತ್ತು. ನಾನು ಅದರ ಮುಖ ನೋಡಿದ್ದು ಮೂರೇ ಸಲ. ಮಾವನವರು ಕೊಬ್ಬರಿ ವ್ಯಾಪಾರಿ. ಕೊಬ್ಬರಿ ಗಿಟುಕನ್ನು ತಟ್ಟಿ, ಮೂಸಿ, ಅದರ ಹಣೆಬರಹ ಹೇಳುವವರು. ಅಳಿಯನನ್ನೂ ಅದೇ ಕಣ್ಣಿನಿಂದ ನೋಡುತ್ತಿದ್ದರು. ಹಿಂದಿನ ತಿಂಗಳು ಬಂದಾಗ ನಡುಮನೆಯ ಬಾಗಿಲಿನಲ್ಲಿ ಹಕ್ಕಳೆಯೇಳುತ್ತಿದ್ದ ಹಳೇ ಬಣ್ಣವನ್ನು ಉಗುರಿನಿಂದ ಕಿತ್ತು, ಅಂಗೈ ಮೇಲಿಟ್ಟು ನನಗೆ ತೋರಿಸಿದರು.

“ಮಗ ಇದನ್ನ ಬಾಯಿಗೆ ಹಾಕ್ಕಂತದೆ ಕಣ್ರೀ ಮೇಷ್ಟ್ರೇ. ಮೊದ್ಲು ಬಣ್ಣ ಹೊಡ್ಸಿ. ಇಲ್ದಿದ್ರೆ ಇನ್ನಾರು ತಿಂಗ್ಳು ತಾಯಿ ಮಗ ನಮ್ಮತ್ರಾನೇ ಇರ್ಲಿ ಬುಡಿ.”

ಆ ‘ಬುಡಿ’ ನನ್ನ ಎದೆಯಲ್ಲಿ ಕೂತುಬಿಟ್ಟಿತು. ಇನ್ನಾರು ತಿಂಗಳಾದರೆ ಮಗು ನಡೆಯುತ್ತದೆ, ನಡೆದುಕೊಂಡು ಬಂದು ಈ ಮನುಷ್ಯ ಯಾರು ಎಂದು ಕೇಳಿದರೂ ಕೇಳೀತು. ಸೋಮವಾರ ಒಳ್ಳೆಯ ದಿನ, ಕರೆದುಕೊಂಡು ಬರುತ್ತೇವೆ ಎಂದು ಕಾಗದ ಬಂತು. ಊರಿನಲ್ಲಿದ್ದ ಒಬ್ಬನೇ ಪೇಂಟರು ಲಾರಿಗಳಿಗೆ ಬಣ್ಣ ಬಳಿಯುವುದರಲ್ಲಿ ಮುಳುಗಿದ್ದ, ಹದಿನೈದು ದಿನ ಆಗಲ್ಲ ಎಂದ. ಅವನು ಲಾರಿಗೆ ಬಳಿಯುವುದನ್ನು ಹತ್ತು ನಿಮಿಷ ನಿಂತು ನೋಡಿದೆ. ಇಷ್ಟೇನಾ ಅನ್ನಿಸಿತು.

ತಿಪಟೂರಿಗೆ ಹೋಗಿ ಹಸಿರು ಬಣ್ಣ, ಎರಡು ಬ್ರಷ್ಷು, ಉಪ್ಪುಕಾಗದ, ಬಣ್ಣ ತೆಳು ಮಾಡಲು ಒಂದು ಸೀಸೆ ಟರ್ಪೆಂಟೈನು ತಂದೆ. ಒಳಗೆ ಒಟ್ಟು ಐದು ಬಾಗಿಲು. ಗುರುವಾರ ಸಂಜೆ ಬಚ್ಚಲಿನದು, ಕೋಣೆಯದು ಮುಗಿದವು. ಬೆಳಿಗ್ಗೆ ಮುಟ್ಟಿದರೆ ಗಾಜಿನಂತೆ ಒಣಗಿದ್ದವು. ಅಷ್ಟರಲ್ಲಿ ಟರ್ಪೆಂಟೈನು ಖಾಲಿ. ಮತ್ತೆ ತಿಪಟೂರಿಗೆ ಹೋದರೆ ಒಂದು ದಿನ ಹಾಳು. ಅಡಿಗೆಮನೆಯ ಗೂಡಿನಲ್ಲಿ, ಮಗುವಿನ ಮೈಗೆ ಹಚ್ಚಲೆಂದು ಮಾವನವರು ಮುಂಚಿತವಾಗಿ ಕಳಿಸಿದ್ದ ಕೊಬ್ಬರಿ ಎಣ್ಣೆಯ ಡಬ್ಬಿ ಕಾಣಿಸಿತು.

ನಮ್ಮ ಕಡೆ ಕೊಬ್ಬರಿ ಎಣ್ಣೆಗೆ ಆಗದ ಕೆಲಸವಿಲ್ಲ. ತಲೆಗೆ ಅದೇ, ಸುಟ್ಟ ಗಾಯಕ್ಕೆ ಅದೇ, ದೇವರ ದೀಪಕ್ಕೆ ಅದೇ, ಕಿರುಗುಟ್ಟುವ ಬಾಗಿಲ ಕೀಲಿಗೂ ಅದೇ. ಬಾಗಿಲ ಕೀಲಿಗೆ ಆಗಿಬರುವುದು ಬಾಗಿಲಿಗೇಕೆ ಆಗದು ಎಂದು ವೈಜ್ಞಾನಿಕವಾಗಿ ಯೋಚಿಸಿ, ಎರಡು ಲೋಟ ಸುರಿದೆ. ಬಣ್ಣ ಬೆಣ್ಣೆಯಂತೆ ಹರಿಯಿತು. ನಡುಮನೆ, ಅಡಿಗೆಮನೆ, ದೇವರಮನೆ, ಮೂರೂ ಬಾಗಿಲು ಮಿರಮಿರ ಮಿಂಚಿದವು. ಪೇಂಟರುಗಳು ಈ ಗುಟ್ಟನ್ನು ಯಾಕೆ ಮುಚ್ಚಿಟ್ಟಿದ್ದಾರೆಂದು ಅವರ ಮೇಲೆ ಸ್ವಲ್ಪ ಕೋಪವೂ ಬಂತು.

ಶನಿವಾರ ಬೆಳಿಗ್ಗೆ ಬೆರಳಿಟ್ಟೆ, ಅಂಟಿತು. ಮಧ್ಯಾಹ್ನ ಸ್ಕೂಲಿನಿಂದ ಬಂದು ಇಟ್ಟೆ, ಅಂಟಿತು. ಗಂಟೆಗೊಮ್ಮೆ ಇಟ್ಟು ನೋಡಿದ್ದರಿಂದ ಬಾಗಿಲ ತುಂಬ ನನ್ನ ಬೆರಳಚ್ಚೇ ಆಯಿತು. ಎಂಟನೇ ಕ್ಲಾಸಿನಲ್ಲಿ ದ್ರವಗಳು ಆವಿಯಾಗುವ ಪಾಠ ಮಾಡುವಾಗ ನನ್ನ ನಾಲಿಗೆಯೇ ಒಣಗಿತು. ಒಣಗಬೇಕಾದದ್ದು ಮಾತ್ರ ಒಣಗಲಿಲ್ಲ. ಭಾನುವಾರವಿಡೀ ಮೊರದಿಂದ ಗಾಳಿ ಹಾಕಿದೆ. ಕೆಂಡದ ಬಾಂಡಲಿ ತಂದಿಟ್ಟೆ, ಬಣ್ಣ ಇಳಿಯತೊಡಗಿತು, ಓಡಿಹೋಗಿ ತೆಗೆದೆ. ಸೊಳ್ಳೆ, ನೊಣ, ಎರಡು ಚಿಟ್ಟೆ ಅಂಟಿಕೊಂಡವು. ಕೊನೆಗೆ ಗಿರಿಜಳ ಮುಖದ ಪೌಡರನ್ನು ಬಾಗಿಲಿಗೆ ಬಳಿದೆ. ದೇವರಮನೆಯ ಬಾಗಿಲು ನಾಟಕಕ್ಕೆ ಹೊರಟ ಪಾತ್ರಧಾರಿಯಂತೆ ಕಂಡಿತು.

ಸೋಮವಾರ ಹನ್ನೊಂದಕ್ಕೆ ಬಂದರು. ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಾಯಿಸಿದ ದಣಿವು ಗಿರಿಜಳ ಮುಖದಲ್ಲಿತ್ತು. ಪಕ್ಕದ ಮನೆಯವರು ಆರತಿ ಎತ್ತಿದರು. ಮಾವನವರು ಇಸ್ತ್ರಿ ಮಾಡಿದ ಬಿಳಿ ಜುಬ್ಬ ತೊಟ್ಟು, ಮಗುವನ್ನು ಹೆಗಲಿಗೆ ಹಾಕಿಕೊಂಡು ಒಳಗೆ ನಡೆದರು. ಬಾಗಿಲಿಗೂ ಅವರಿಗೂ ನಡುವೆ ಗೋಡೆಯಂತೆ ನಾನು ಅಡ್ಡಡ್ಡ ನಡೆದೆ. ನನ್ನ ಭುಜದ ಮೇಲಿಂದ ಮಗು ಕೈ ಚಾಚಿ, ನಡುಮನೆಯ ಬಾಗಿಲನ್ನು ಐದೂ ಬೆರಳಿನಿಂದ ತಡವಿ, ಆ ಕೈಯನ್ನು ಅಜ್ಜನ ಜುಬ್ಬದ ಮೇಲೆ ಒತ್ತಿತು.

ಮಾವನವರು ಮಗುವಿನ ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸಿದರು. ನಲವತ್ತು ವರ್ಷ ಕೊಬ್ಬರಿ ಮೂಸಿದ ಮೂಗು.

“ಇದು ನಾನು ಕಳ್ಸಿದ ಎಣ್ಣೆ ಕಣ್ರೀ,” ಎಂದರು ಮೆಲ್ಲಗೆ. ಆಮೇಲೆ ಮಗಳ ಕಡೆ ತಿರುಗಿ, ಗಂಟುಮೂಟೆ ಬಿಚ್ಚಬೇಡ, ಎರಡು ಗಂಟೆಗೆ ಬಸ್ಸಿದೆ ಅಂದರು.

ನನಗೆ ಅಳುವೇ ಬಂದಂತಾಯಿತು. ನಾಚಿಕೆಗೆಟ್ಟು ಹೇಳುತ್ತೇನೆ, ಕಾಲಿಗೆ ಬೀಳಲೂ ಸಿದ್ಧನಿದ್ದೆ. ಗಿರಿಜ ಮಾತ್ರ ಸೆರಗಿನಿಂದ ಮಗುವಿನ ಕೈ ಒರೆಸುತ್ತ, ತಲೆಯೆತ್ತದೆ ಹೇಳಿದಳು:

“ನಾನು ಬರಲ್ಲ ಕಣಪ್ಪ. ಬೇಕಾದ್ರೆ ಬಾಗ್ಲುಗಳನ್ನ ಕರ್ಕೊಂಡು ಹೋಗು.”

ಮಾವನವರು ಜುಬ್ಬ ಬಿಚ್ಚಿ ಗೂಟಕ್ಕೆ ಹಾಕಿದರು. ಹೋಗಲಿಲ್ಲ. ಒಂಬತ್ತು ದಿನ ಇದ್ದರು. ಸ್ಕೂಲು ಬಿಟ್ಟ ಮೇಲೆ ನಾನು ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಮೂರೂ ಬಾಗಿಲು ಉಜ್ಜಿ, ಕೆರೆದು, ಮತ್ತೆ ಬಳಿಯಬೇಕು. ಅವರು ಹಿತ್ತಿಲಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆಗಾಗ ಇಣುಕಿ, ಆ ಮೂಲೆಯಲ್ಲಿ ಇನ್ನೂ ಉಳಿದಿದೆ ನೋಡಿ ಎನ್ನಬೇಕು. ಸೀಮೆಎಣ್ಣೆ ಕೈಯಲ್ಲಿ ಮಗುವನ್ನು ಎತ್ತಬೇಡಿ ಎಂದು ಗಿರಿಜಳ ಅಪ್ಪಣೆಯಾಗಿತ್ತು. ಹೀಗಾಗಿ ಮನೆಗೆ ಬಂದ ಮಗುವನ್ನೂ ನಾನು ದೂರದಿಂದಲೇ ನೋಡಿದೆ.

ಹತ್ತನೇ ದಿನ ಬಾಗಿಲುಗಳು ಒಣಗಿದವು. ಮಾವನವರು ಬೆರಳಿಟ್ಟು ನೋಡಿ, ತಲೆಯಾಡಿಸಿ, ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಟರು. ನಾನು ಮೂರು ಸಲ ಸೀಗೇಪುಡಿಯಲ್ಲಿ ಕೈ ತೊಳೆದು, ಐದು ತಿಂಗಳ ಆಸೆಯನ್ನೆಲ್ಲ ತುಂಬಿಕೊಂಡು ಮಗುವನ್ನು ಎತ್ತಿಕೊಂಡೆ. ಅದು ನನ್ನ ಮುಖ ನೋಡಿತು. ಬೀದಿಯಲ್ಲಿ ದೂರವಾಗುತ್ತಿದ್ದ ಅಜ್ಜನ ಬೆನ್ನು ನೋಡಿತು. ಆಮೇಲೆ ಊರಿಗೆಲ್ಲ ಕೇಳುವಂತೆ ಅಳತೊಡಗಿತು. ಕುಣಿಸಿದೆ, ಶಿಳ್ಳೆ ಹಾಕಿದೆ, ಏನೂ ನಡೆಯಲಿಲ್ಲ. ಗಿರಿಜಳಿಗೂ ಜಗ್ಗಲಿಲ್ಲ. ಕೊನೆಗೆ ಮಗುವನ್ನು ಅವಳ ಕೈಲೇ ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಓಡಿ, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಮಾವನವರ ಚೀಲ ಹಿಡಿದುಕೊಂಡು, ಇನ್ನೆರಡು ದಿನ ಇದ್ದು ಹೋಗಿ ಎಂದು ಬೇಡಿಕೊಂಡೆ.

“ಯಾಕ್ರೀ ಮೇಷ್ಟ್ರೇ, ಇನ್ಯಾವ ಬಾಗ್ಲು ಬಾಕಿ ಐತೆ?” ಎಂದು ಕೇಳಿದರು.

ಮಗು ನನ್ನ ಕೈಲಿ ನಿಲ್ಲುವುದಿಲ್ಲ ಎಂದು ಹೇಳುವುದು ಹೇಗೆ? ಬೀದಿ ಬಾಗಿಲು ಎಂದುಬಿಟ್ಟೆ.