ಚಿಕ್ಕಪ್ಪನ ಮಾಣಿಕ್ಯ ಪರೀಕ್ಷೆ

ನಮ್ಮ ಚಿಕ್ಕಪ್ಪ ಮನೆಗೆ ಬರುತ್ತಾರೆಂದರೆ ಆದೋನಿಯ ಹೆಂಗಸರು ಮೂಗುತಿ ಬಿಚ್ಚಿ ಡಬ್ಬಿಗೆ ಹಾಕುತ್ತಾರೆ! ಹಾಗೆಂದು ಅವರೇನು ಕಳ್ಳರಲ್ಲ. ಹತ್ತಿ ವ್ಯಾಪಾರಿ, ವಿಭೂತಿ ಹಚ್ಚದೆ ನೀರು ಮುಟ್ಟದವರು. ಆದರೆ ಕೆಂಪು ಕಲ್ಲು ಕಂಡರೆ ಸಾಕು, ಯಾರೂ ಕೇಳದೆಯೇ ಪರೀಕ್ಷೆ ಮಾಡಿ, ಅಸಲಿಯೋ ನಕಲಿಯೋ ಓಣಿಗೆಲ್ಲ ಕೇಳುವಂತೆ ಹೇಳಿಬಿಡುತ್ತಾರೆ.

ಮೊದಲ ಮಳೆ ಬಿದ್ದೊಡನೆ ನಮ್ಮ ಕಡೆಯ ಜನ ಹೊಲಗಳಲ್ಲಿ ಬಗ್ಗಿ, ಮಣ್ಣು ತೊಳೆದು ಮೇಲೆದ್ದ ವಜ್ರ ಹುಡುಕುತ್ತಾರಲ್ಲ, ಚಿಕ್ಕಪ್ಪನೂ ಹೋಗುತ್ತಾರೆ. ಹುಡುಕುವುದು ಮಾತ್ರ ಮಾಣಿಕ್ಯ! "ವಜ್ರ ಯಾರಿಗರ ಸಿಗತೈತಿ. ಮಾಣಿಕ್ಯ ಸಿಗಾಕ ಯೋಗ್ಯತಿ ಬೇಕು" ಎನ್ನುತ್ತಾರೆ. ಆ ಯೋಗ್ಯತೆಗೆ ಈವರೆಗೆ ಸಿಕ್ಕಿದ್ದು ಒಂದು ಚೀಲ ಕೆಂಪು ಹರಳುಗಲ್ಲು ಮತ್ತು ಯಾರದೋ ಸೈಕಲ್ಲಿನ ಹಿಂದಿನ ದೀಪದ ಚೂರು.

ಪರೀಕ್ಷೆಗಳಾದರೂ ಎಂಥವು! ಮಾಣಿಕ್ಯಕ್ಕಿಂತ ಗಟ್ಟಿ ಎಂದರೆ ವಜ್ರವೇ, ಮಾಣಿಕ್ಯವನ್ನು ಎಳೆದರೆ ಗಾಜಿನ ಮೇಲೆ ಗೀರು ಬೀಳಬೇಕು ಎಂದು ಯಾರೋ ಹೇಳಿದ್ದೇ ತಡ, ಮನೆಯ ಕಿಟಕಿ, ಕನ್ನಡಿ, ಕೊನೆಗೆ ಚಿಕ್ಕಮ್ಮನ ಚಷ್ಮಾ ಎಲ್ಲಕ್ಕೂ ಗೀರು ಬಿತ್ತು.

"ನನಗ ಊರೆಲ್ಲಾ ಬಿರುಕು ಬಿಟ್ಟಂಗ ಕಾಣತೈತಿ!" ಎಂದು ಚಿಕ್ಕಮ್ಮ ಗೋಳಿಟ್ಟರೆ, "ಅಂದ್ರ ನನ್ನ ಕಲ್ಲು ಗಾಜಲ್ಲ ಅಂತಾತು!" ಎಂದು ಇವರು ಕುಣಿದರು.

ಅಗ್ಗದ ಗಾರ್ನೆಟ್ ಕಲ್ಲೂ ಗಾಜನ್ನು ಗೀರುತ್ತದೆಂದು ತಿಳಿದದ್ದು ಆಮೇಲೆ. ಆಗ ಅಂಗಡಿಯಲ್ಲಿ ಖೋಟಾ ನೋಟು ಹಿಡಿಯಲು ಇಟ್ಟಿದ್ದ ನೀಲಿ ದೀಪದ ಮೇಲೆ ಅವರ ಕಣ್ಣು ಬಿತ್ತು. ಅಸಲಿ ಮಾಣಿಕ್ಯ ಅದರ ಕೆಳಗೆ ಕೆಂಡದ ಹಾಗೆ ಹೊಳೆಯುತ್ತದಂತೆ. ದೀಪ ಚಿಕ್ಕಪ್ಪನ ಜೇಬು ಸೇರಿತು, ಖೋಟಾ ನೋಟುಗಳು ಅಂಗಡಿ ಸೇರಿದವು!

ನಗುವುದು ಸುಲಭ. ಆದರೆ ಚಿಕ್ಕಪ್ಪನ ಮಗಳು ಗಿರಿಜಾಳ ಮೊದಲ ಸಂಬಂಧ ಮುರಿದದ್ದು ಈ ದೀಪದಿಂದಲೇ. ಬೀಗರು ತಂದ ಉಂಗುರಕ್ಕೆ ಅದನ್ನು ಹಿಡಿದು, "ಇದು ಬಣ್ಣ ಹಾಕಿದ ಸೋಡಾ ಬಾಟ್ಲಿ" ಎಂದಿದ್ದರು. ಈಗ ಗೋನೆಗಂಡ್ಲದ ಹುಡುಗನನ್ನು ಗಿರಿಜಾ ತಾನೇ ಮೆಚ್ಚಿದ್ದಳು. ನಿಶ್ಚಿತಾರ್ಥದ ಬೆಳಿಗ್ಗೆ ಅಪ್ಪನನ್ನು ಅಡ್ಡಗಟ್ಟಿದಳು.

"ಅಪ್ಪಾ, ಇವತ್ತೊಂದಿನ ಸುಮ್ಕಿರು. ಇದೂ ತಪ್ಪಿತಂದ್ರ ನಾ ಮದುವಿನೇ ಆಗಂಗಿಲ್ಲ."

"ಯಾರೂ ಕೇಳ್ಲಿಲ್ಲಂದ್ರ ಸುಮ್ಕಿರ್ತೀನವ್ವ. ಕೇಳಿದ್ರ ಸುಳ್ಳು ಹೆಂಗ ಹೇಳ್ಲಿ?"

ಕೇಳಿದವರು ಯಾರು ಗೊತ್ತೆ? ಹುಡುಗನ ತಾಯಿಯೇ! ಆಕೆ ಬಂದವಳೇ ಗಿರಿಜಾಳನ್ನು "ನನ್ನ ಮಗಳು" ಎಂದು ಪಕ್ಕಕ್ಕೆ ಕೂರಿಸಿಕೊಂಡು, ಸೆರಗಿನ ಗಂಟಿನಿಂದ ಕೆಂಪು ಕಲ್ಲಿನ ಮೂಗುತಿ ತೆಗೆದಳು. "ಅಣ್ಣಾರ, ನೀವು ಕಲ್ಲು ನೋಡ್ತೀರಂತ. ಜರಾ ಚೂಡಂಡಿ, ನೋಡಿ ಹೇಳ್ರಿ. ನಮ್ಮತ್ತಿ ಸಾಯೋಮುಂದ ಕೊಟ್ಟಿದ್ದು, ಮಾಣಿಕ್ಯ ಅಂದಿದ್ರು. ಒಂದಿನಾನೂ ನಾ ಹಾಕ್ಕೊಂಡಿಲ್ಲ, ಸೊಸಿಗಂತ ಇಟ್ಟೀನಿ."

ಚಿಕ್ಕಪ್ಪ ಭೂತಗನ್ನಡಿ ಹಿಡಿದರು. ಎಡಹುಬ್ಬು ಮೇಲೇರಿತು. ಗಾಜಿನೊಳಗಿನ ಗುಳ್ಳೆ ಕಂಡಾಗ ಮಾತ್ರ ಏರುವ ಹುಬ್ಬದು! ಗಿರಿಜಾ ಕಣ್ಣು ಮುಚ್ಚಿಕೊಂಡಳು.

"ಮಾಣಿಕ್ಯ ತಂಗೀ," ಎಂದರು ಚಿಕ್ಕಪ್ಪ. "ಇಂಥಾ ಅಸಲಿ ಕಲ್ಲು ನಾ ನೋಡೇ ಇಲ್ಲ."

ಹುಡುಗನ ಸೋದರಮಾವ ಬಿಡಬೇಕಲ್ಲ! "ದೀಪ ಹಾಕ್ರಿ, ಹೊಳಿಯೋದು ನಾವೂ ನೋಡ್ತೀವಿ."

"ಚಾರ್ಜ್ ಇಲ್ರಿ" ಎಂದು ಚಿಕ್ಕಪ್ಪ ಜೇಬಿಗೆ ಕೈ ಹಾಕಿದ ಗಡಿಬಿಡಿಯಲ್ಲಿ ದೀಪ ಹತ್ತಿಯೇಬಿಟ್ಟಿತು. ಬಿಳಿ ಜುಬ್ಬದ ಮೇಲೆ ನೀಲಿ ಚಂದ್ರ! ಅದರ ಮೇಲೆ ಎರಡೂ ಕೈ ಇಟ್ಟುಕೊಂಡು, ಭಕ್ತಿ ಬಂದವರ ಹಾಗೆ "ಶಿವಾ" ಎಂದು ಎದ್ದು ಒಳಗೆ ಹೋದರು.

ಊಟವಾದ ಮೇಲೆ ಹಿತ್ತಲಲ್ಲಿ ಕೇಳಿದೆ. "ಗಾಜಲ್ಲೇನು ಚಿಕ್ಕಪ್ಪಾ?"

"ಗಾಜೇ. ಒಳಗ ಬರೀ ಗುಳ್ಳಿ."

ಮತ್ತೇಕೆ ಸುಳ್ಳು ಹೇಳಿದಿರಿ ಎಂದು ನಾನು ಕೇಳಲಿಲ್ಲ. ಇಷ್ಟು ವರ್ಷ ಆಡಿಕೊಂಡು ನಕ್ಕ ಮನುಷ್ಯನ ಮೇಲೆ ಆ ಗಳಿಗೆ ಇನ್ನಿಲ್ಲದ ಪ್ರೀತಿ ಬಂದಿತ್ತು. ಅವರೇ ಮೆಲ್ಲಗೆ ಹೇಳಿದರು.

"ನಮ್ಮ ಹುಡುಗೀನ್ನ ಆಕಿ ನೋಡಿದ ಕೂಡ್ಲೇ ಮಗಳು ಅಂದ್ಲಪ್ಪ. ಯಾವ ದೀಪ ಹಿಡಿದು ನೋಡಿದ್ಲು, ಹೇಳು?"

ಆಮೇಲೆ ನಲ್ಲಿಯತ್ತ ಬಗ್ಗಿ ಬಹಳ ಹೊತ್ತು ಮುಖ ತೊಳೆದುಕೊಂಡರು.