ಮೇಜಿನ ಮೇಲೆ ಮಿಸ್ ಹಾಲ್ವರ್ಸನ್

ಪೈ ಎಂಬ ಸಿಹಿತಿಂಡಿ ಬಂದಿದ್ದ ತಟ್ಟೆಯೊಂದನ್ನು ತೊಳೆದು ಎದುರುಮನೆಗೆ ವಾಪಸು ಕೊಡಲು ಹೋದದ್ದೇ ವೆಂಡೆಲ್‌ನ ತಪ್ಪು. ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಓಡಿಬಂದಿದ್ದರೆ ಅವನ ಬಾಳು ಬೇರೆಯಾಗುತ್ತಿತ್ತು.

ಅಂದು ಏಪ್ರಿಲ್ ಮೂವತ್ತು. ಮಿನ್ನೆಸೋಟದ ಎಲ್ಕ್ ಬೆಂಡ್ ಎಂಬ ಊರಿನಲ್ಲಿ ರಸ್ತೆಯಂಚಿನ ಹಿಮ ಇನ್ನೂ ಹೊರಡುವ ಮನಸ್ಸು ಮಾಡಿರಲಿಲ್ಲ. ವೆಂಡೆಲ್‌ಗೆ ಎರಡು ವೈದ್ಯಕೀಯ ಕಾಲೇಜುಗಳಲ್ಲಿ ಸೀಟು ಸಿಕ್ಕಿತ್ತು. ಒಂದು ಮನೆಯಿಂದ ನಲವತ್ತು ಮೈಲಿ. ಇನ್ನೊಂದು ಅರಿಜೋನದ ಮರುಭೂಮಿಯಲ್ಲಿ. ಸಂಜೆ ಐದರೊಳಗೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟುಕೊಡಬೇಕು. ಅದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇರಲಿಲ್ಲ. ಊರಿನ ಒಬ್ಬನೇ ಡಾಕ್ಟರು ನಿವೃತ್ತನಾಗಿ ಕೆರೆಯಲ್ಲಿ ಮೀನು ಹಿಡಿಯುತ್ತ ಕೂತ ದಿನದಿಂದಲೂ, ಹತ್ತಿರದ ಕಾಲೇಜಿನಲ್ಲಿ ಓದಿ ಇದೇ ಊರಿಗೆ ಡಾಕ್ಟರಾಗಿ ಬರಬೇಕೆಂಬುದು ವೆಂಡೆಲ್‌ನ ಆಸೆ. ಮೇಲಾಗಿ ಬಿಸಿಲೆಂದರೆ ಅವನಿಗೆ ಆಗದು. ಜೂನ್ ತಿಂಗಳಲ್ಲಿ ಅರ್ಧ ಗಂಟೆ ದೋಣಿಯಲ್ಲಿ ಕೂತರೆ ಬೇಯಿಸಿದ ಬೀಟ್‌ರೂಟಿನ ಹಾಗೆ ಆಗಿಬಿಡುತ್ತಿದ್ದ. ಅರಿಜೋನಕ್ಕೆ ಅರ್ಜಿ ಹಾಕಿದ್ದು, ಇರಲಿ ಇನ್ನೊಂದು, ಅಂತ ಅಷ್ಟೆ.

ಎದುರುಮನೆಯ ಮಿಸ್ ಹಾಲ್ವರ್ಸನ್‌ಗೆ ಎಂಬತ್ತಾರು ವರ್ಷ. ಊರಿನ ಮೂರು ತಲೆಮಾರಿಗೆ ವಿಜ್ಞಾನ ಕಲಿಸಿದವರು. ಏಳನೇ ಕ್ಲಾಸಿನಲ್ಲಿ ಕಪ್ಪೆ ಕೊಯ್ಯುವಾಗ ವೆಂಡೆಲ್ ಮೂರ್ಛೆ ಹೋಗಿದ್ದ. ಆಕೆ ಮುಖಕ್ಕೆ ನೀರೆರಚಿ ಎಬ್ಬಿಸಿ, “ಅರ್ಧ ಉಳಿದಿದೆ, ಮುಗಿಸು” ಎಂದಿದ್ದರು. ಅವನು ಮುಗಿಸಿದ್ದ. ಅಂದಿನಿಂದ ಅವರ ದನಿ ಕೇಳಿದರೆ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

“ಬಾರೋ, ತಟ್ಟೆ ಅಲ್ಲಿಡು” ಎಂದರು ಮಿಸ್. “ಕೊನೆಗೂ ಹತ್ತಿರದ ಕಾಲೇಜೇ ತಾನೇ?”

“ಹೌದು ಮಿಸ್.”

“ಒಳ್ಳೇದಾಯ್ತು. ಹಾಗಾದ್ರೆ ಮೊದಲನೇ ವರ್ಷ ನಿಂಗೆ ನಾನೇ ಸಿಕ್ತೀನಿ.”

“ಪಾಠ ಮಾಡೋಕ್ಕೆ ಬರ್ತೀರಾ ಮಿಸ್?”

“ಮಾಡೋಕ್ಕಲ್ಲ ಕಣೋ. ಪಾಠ ಆಗೋಕ್ಕೆ.”

ಪರ್ಸಿನಿಂದ ಒಂದು ಚೀಟಿ ತೆಗೆದು ಅವನ ಮೂಗಿನ ಕೆಳಗೆ ಹಿಡಿದರು. ತಾನು ಸತ್ತ ಮೇಲೆ ದೇಹವನ್ನು ವಿದ್ಯಾರ್ಥಿಗಳ ಕಲಿಕೆಗಾಗಿ ಆ ಕಾಲೇಜಿಗೆ ಕೊಡತಕ್ಕದ್ದು ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಮಿಸ್ ಹಾಲ್ವರ್ಸನ್‌ರ ಸಹಿ, ಮುತ್ತು ಪೋಣಿಸಿದ ಹಾಗೆ.

“ಹೃದಯ ಸೋತಿದೆ ಅಂದಿದಾರೆ ಪೇಟೆ ಡಾಕ್ಟರು. ಬೇಸಿಗೆ ದಾಟಿದ್ರೆ ಹೆಚ್ಚು. ನಿನ್ನ ಕ್ಲಾಸು ಶುರುವಾಗೋ ಹೊತ್ತಿಗೆ ಸರಿಹೋಗುತ್ತೆ, ನೋಡು. ನೆಟ್ಟಗೆ ಕೊಯ್ಯಿ. ಆ ಕಪ್ಪೆ ಮೇಲೆ ಗೀಚಿದ ಹಾಗೆ ಗೀಚಬೇಡ.”

ವೆಂಡೆಲ್‌ಗೆ ಮೊದಲು ಅಳು ಬಂತು. ಆಮೇಲೆ ಅಳುವನ್ನು ಪಕ್ಕಕ್ಕೆ ತಳ್ಳಿಕೊಂಡು ಭಯ ಬಂತು. ತಣ್ಣನೆಯ ಕೋಣೆ, ಉದ್ದನೆಯ ಮೇಜು, ಬಿಳಿ ಬಟ್ಟೆ. ಬಟ್ಟೆಯನ್ನು ಸರಿಸಿದರೆ ಮಿಸ್ ಹಾಲ್ವರ್ಸನ್. ಅವರು ಸತ್ತಿರುತ್ತಾರೆ, ನಿಜ. ಆದರೂ ತಪ್ಪು ಮಾಡಿದರೆ ಎದ್ದು ಕೂರುವುದಿಲ್ಲ ಎಂದು ಯಾರು ಖಾತ್ರಿ ಕೊಡುತ್ತಾರೆ? ಅವನು ಏನೋ ಗೊಣಗಿ ಹೊರಬಿದ್ದ.

ಕೆಲಸಕ್ಕಿದ್ದ ಕಬ್ಬಿಣದ ಸಾಮಾನಿನ ಅಂಗಡಿ ತಲುಪಿದರೂ ಆ ಮೇಜು ಕಣ್ಣ ಮುಂದಿನಿಂದ ಹೋಗಲಿಲ್ಲ. ಎರಡು ಅಂಗುಲದ ಮೊಳೆ ಕೇಳಿದವರಿಗೆ ಹಿಮ ಬಳಿಯುವ ಸಲಿಕೆ ಕೊಟ್ಟ. ಅಂಗಡಿಯ ಯಜಮಾನ ಡೀಟ್ಸ್ ಅವನನ್ನು ಮೂಲೆಗೆ ಕರೆದು ವಿಚಾರಿಸಿದ. ವೆಂಡೆಲ್ ಎಲ್ಲವನ್ನೂ ಕಕ್ಕಿದ.

“ಇಷ್ಟೇನಾ?” ಡೀಟ್ಸ್ ಹೊಟ್ಟೆ ಕುಲುಕಿಸಿ ನಕ್ಕ. “ಲೋ, ನಾನೂ ಬರ್ಕೊಟ್ಟಿದೀನಲ್ಲೋ!” ಅವನ ಜೇಬಿನಿಂದಲೂ ಅಂಥದ್ದೇ ಚೀಟಿ ಬಂತು. “ಹೋದ ವರ್ಷ ಕಾಲೇಜಿನೋರು ಚರ್ಚಿಗೆ ಬಂದು ಮಾತಾಡಿದ್ರಲ್ಲ, ಮಿಸ್, ನೋರ್ಬಿ, ನಾನು, ನಮ್ಮ ಇಸ್ಪೀಟು ಗುಂಪಿಗೆ ಗುಂಪೇ ಸಹಿ ಹಾಕ್ಬಿಟ್ವಿ. ನನ್ನ ಎಡ ಮಂಡಿ ಉಕ್ಕಿಂದು, ಗೊತ್ತಿರಲಿ. ಚಾಕು ಮೊಂಡಾದೀತು.”

ಹಕ್ಕಿಕಾಳು ಕೊಳ್ಳಲು ಬಂದಿದ್ದ ಮಿಸೆಸ್ ನೋರ್ಬಿ, ಅದೇ ಇಸ್ಪೀಟು ಗುಂಪಿನ ಇನ್ನೊಂದು ತಲೆ, ಕಿವಿ ನೆಟ್ಟಗೆ ಮಾಡಿಕೊಂಡು ಹತ್ತಿರ ಬಂದರು.

“ನನ್ನದ್ರಲ್ಲಿ ಪಿತ್ತಕೋಶ ಹುಡುಕ್ಬೇಡಪ್ಪ, ಅದನ್ನ ಯಾವತ್ತೋ ತೆಗೆಸಿಬಿಟ್ಟಿದೀನಿ. ಸಿಗ್ಲಿಲ್ಲ ಅಂತ ಪರೀಕ್ಷೇಲಿ ಫೇಲಾದೀಯ. ಅಂದ ಹಾಗೆ, ಅಲ್ಲಿ ಮೈ ಮೇಲೆ ಬಟ್ಟೆ ಹಾಕಿರ್ತಾರೇನೋ?”

“ಮುಖಕ್ಕೆ ಹಾಕ್ತಾರಂತೆ” ಎಂದ ಡೀಟ್ಸ್.

“ಮುಖಕ್ಕಾ? ಹಾಕಬೇಕಾದ ಕಡೆ ಬಿಟ್ಟು?”

ಇಬ್ಬರೂ ಅದರ ಮೇಲೆ ವಾದಕ್ಕೆ ನಿಂತರು. ಮಧ್ಯೆ ಮಧ್ಯೆ ಇಬ್ಬರೂ ವೆಂಡೆಲ್‌ನ ಬೆನ್ನು ತಟ್ಟಿ, ಗುರುತಿನವನೇ ಕೊಯ್ಯುತ್ತಾನೆಂದರೆ ಎಷ್ಟು ನೆಮ್ಮದಿ ಎಂದು ಹೇಳುತ್ತಿದ್ದರು. ವೆಂಡೆಲ್ ಬೆವರು ಒರೆಸಿಕೊಂಡ. ಅಂಗಡಿಯೊಳಗೆ ಬಂದವರೆಲ್ಲ ಆಗಲೇ ಅಡ್ಡ ಮಲಗಿದ ಹಾಗೆ ಅವನಿಗೆ ಕಾಣತೊಡಗಿತು.

ಮಧ್ಯಾಹ್ನ ಹಿಂದಿನ ಗೋದಾಮಿಗೆ ನುಸುಳಿ, ಬಣ್ಣದ ಡಬ್ಬಗಳ ನಡುವೆ ಕೂತು ಹತ್ತಿರದ ಕಾಲೇಜಿಗೆ ಫೋನು ಮಾಡಿದ.

“ಹೆದ್ರಬೇಡಿ” ಎಂದಳು ಫೋನೆತ್ತಿದ ಹುಡುಗಿ. “ಗುರುತಿನವರು ಬಂದ್ರೆ ನಿಮ್ಮನ್ನ ಬೇರೆ ಮೇಜಿಗೆ ಹಾಕ್ತೀವಿ.”

“ಆ ಬೇರೆ ಮೇಜು ಎಲ್ಲಿರುತ್ತೆ?”

“ಪಕ್ಕದಲ್ಲೇ. ಇರೋದೊಂದೇ ಕೋಣೆ. ಅಂದ ಹಾಗೆ ಯಾವೂರು ನಿಮ್ಮದು? ಎಲ್ಕ್ ಬೆಂಡಾ? ನೋರ್ಬಿ ಚಿಕ್ಕಮ್ಮ ಗೊತ್ತಾ ನಿಮಗೆ?”

ವೆಂಡೆಲ್ ಫೋನು ಇಟ್ಟುಬಿಟ್ಟ. ಒಂದು ಮೇಜಿನ ಮೇಲೆ ಡೀಟ್ಸ್‌ನ ಮಂಡಿ, ಇನ್ನೊಂದರ ಮೇಲೆ ಮಿಸೆಸ್ ನೋರ್ಬಿಯ ಇಲ್ಲದ ಪಿತ್ತಕೋಶ, ನಡುವೆ ಮಿಸ್. ಯಾವ ಕಡೆ ತಿರುಗಿದರೂ ಊರವರೇ. ಅಲ್ಲಿ ಚಾಕು ಹಿಡಿಯುವುದಿರಲಿ, ಕಾಲಿಡುವುದೂ ತನ್ನಿಂದಾಗದು ಎಂದು ಅವನಿಗೆ ಖಚಿತವಾಯಿತು. ಮೊದಲ ವಾರವೇ ಓಡಿಹೋದರೆ ಡಾಕ್ಟರಾಗುವುದು ಎಲ್ಲಿಂದ ಬಂತು? ಅರಿಜೋನದಲ್ಲಿ ಬಿಸಿಲಿದ್ದರೆ ಇರಲಿ. ಛತ್ರಿ ಹಿಡಿದರಾಯಿತು. ಅಲ್ಲಿ ಮೇಜಿನ ಮೇಲೆ ಮಲಗಿರುವವರು ಯಾರೋ, ಏನೋ. ಅವರ ಮುಂದೆ ಅವನು ಎಂದೂ ಮೂರ್ಛೆ ಹೋಗಿರಲಿಲ್ಲ.

ನಾಲ್ಕು ಗಂಟೆಗೆ, ಫೋನಿನ ಪರದೆಯ ಮೇಲೆ, ಅವನು ಅರಿಜೋನವನ್ನು ಒತ್ತಿದ. ಹತ್ತಿರದ ಕಾಲೇಜನ್ನು ಬಿಟ್ಟುಕೊಡುವುದು ಖಚಿತವೇ ಎಂದು ಪರದೆ ಎರಡು ಸಲ ಕೇಳಿತು. ಖಚಿತ ಎಂದು ಎರಡು ಸಲವೂ ಒತ್ತಿದ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆದರೆ ಚಿಕ್ಕಂದಿನ ಆಸೆ ಎರಡು ಒತ್ತಿಗೆ ಮುಗಿದಿತ್ತು.

ಗೋದಾಮಿನಿಂದ ಹೊರಬಂದರೆ ಅಂಗಡಿ ಖಾಲಿ. ಬಾಗಿಲಿಗೆ ‘ಈಗ ಬಂದೆ’ ಎಂಬ ಹಲಗೆ ನೇತುಬಿದ್ದಿತ್ತು. ನಲವತ್ತು ವರ್ಷದಲ್ಲಿ ಡೀಟ್ಸ್ ಕೆಲಸದ ಹೊತ್ತಿನಲ್ಲಿ ಅಂಗಡಿ ಮುಚ್ಚಿದವನಲ್ಲ. ವೆಂಡೆಲ್ ಅನುಮಾನಿಸುತ್ತಲೇ ಮನೆಯ ಕಡೆ ನಡೆದ. ಎದುರುಮನೆಯ ಬಾಗಿಲಲ್ಲೇ ಮಿಸ್ ನಿಂತಿದ್ದರು.

“ಒಳಗೆ ಬಾ.”

ಬೆನ್ನು ನೆಟ್ಟಗಾಯಿತು. ಒಳಗೆ ಹೋದ. ಅಡುಗೆಮನೆಯ ಮೇಜಿನ ಸುತ್ತ ಡೀಟ್ಸ್, ಮಿಸೆಸ್ ನೋರ್ಬಿ, ಕಾಫಿ, ಒಂದಷ್ಟು ಕಾಗದ.

“ನೋರ್ಬಿಯ ಅಕ್ಕನ ಮಗಳು ಆ ಕಾಲೇಜಲ್ಲೇ ಫೋನ್ ಎತ್ತೋದು” ಎಂದರು ಮಿಸ್. ದನಿ ಎಂದಿಗಿಂತ ಮೆತ್ತಗಿತ್ತು. “ನೀನು ಮಧ್ಯಾಹ್ನ ಅಲ್ಲಿಗೆ ಫೋನ್ ಮಾಡಿದ್ದು ಗೊತ್ತಾಯ್ತು. ಹುಚ್ಚಪ್ಪ, ಹೆದ್ರಿಕೆ ಆಗುತ್ತೆ ಅಂತ ಬೆಳಿಗ್ಗೆ ನನಗೇ ಹೇಳಬಾರದಿತ್ತಾ? ಈ ಊರಿಗೆ ಡಾಕ್ಟರಾಗಬೇಕು ಅಂತಿದ್ದ ಹುಡುಗ ನಮ್ಮ ಹೆಣಗಳಿಗೆ ಹೆದರಿ ಓದು ಬಿಡಬೇಕಾ?”

ಇಷ್ಟು ವರ್ಷ ಈಕೆಗೆ ಹೆದರಿ ಬದುಕಿದೆನಲ್ಲ ಎಂದು ವೆಂಡೆಲ್‌ಗೆ ನಾಚಿಕೆಯಾಯಿತು.

“ಅದಕ್ಕೇ ನಾವು ಮೂರೂ ಜನ ಆ ಕಾಲೇಜಿಂದ ಹೆಸರು ತೆಗೆಸಿಬಿಟ್ವಿ” ಎಂದ ಡೀಟ್ಸ್. “ಇನ್ನು ಅಲ್ಲಿ ನಮ್ಮೂರಿನವರು ಒಬ್ಬರೂ ಇರಲ್ಲ. ನೀನು ನಿಶ್ಚಿಂತೆಯಾಗಿ ಓದು.”

“ಹಾಗಂತ ಮಣ್ಣುಪಾಲಾಗೋಕ್ಕೆ ನಂಗಿಷ್ಟ ಇಲ್ಲ” ಎಂದರು ಮಿಸ್. “ಇಲ್ಲಿನ ಚಳಿ ಬೇಡ ಅಂತ ಪೇಟೆ ಡಾಕ್ಟರು ಮೊದಲಿಂದ್ಲೂ ಅಂತಿದ್ರು, ಇವತ್ತು ಒಪ್ಕೊಂಡೆ. ಡೀಟ್ಸ್ ಒಳಗೇ ಉಂಡು ಮಲಗೋ ಅಂಥ ಮನೆಗಾಡಿ ತಗೊಂಡಿದಾನೆ. ಮುಂದಿನ ತಿಂಗಳು ಮೂವರೂ ಅರಿಜೋನಕ್ಕೆ ಹೊರಡ್ತೀವಿ. ನಿಂಗೆ ಸೀಟು ಕೊಟ್ಟಿದ್ದ ಅಲ್ಲಿನ ಕಾಲೇಜಿಗೇ ಬರ್ಕೊಟ್ವಿ. ಕಂಪ್ಯೂಟರಲ್ಲೇ ಕಾಗದ ಕಳಿಸಿದ್ರು, ಪುಣ್ಯಾತ್ಮರು. ನನ್ನದಕ್ಕೆ ಡೀಟ್ಸ್ ಸಾಕ್ಷಿ, ಅವನದಕ್ಕೆ ನಾನು. ಆ ಬಿಸಿಲಿಗೆ ನೀನಂತೂ ಬರಲ್ಲ ಅಂತ ನಿಮ್ಮಮ್ಮ ಆಣೆ ಇಟ್ಟು ಹೇಳಿದ್ಲು.”

ವೆಂಡೆಲ್ ಅಂಗಳಕ್ಕೆ ಓಡಿ ಹತ್ತಿರದ ಕಾಲೇಜಿಗೆ ಮತ್ತೆ ಫೋನು ಮಾಡಿದ. ಗಂಟೆ ಐದಕ್ಕೆ ಹತ್ತು ನಿಮಿಷವಿತ್ತು.

“ಅಯ್ಯೋ, ನೀವೇನಾ?” ಎಂದಳು ಅದೇ ಹುಡುಗಿ. “ನಿಮ್ಮ ಸೀಟು ಆಗಲೇ ಕಾಯ್ತಿದ್ದ ಒಬ್ಬಳಿಗೆ ಹೋಯ್ತು. ಪಾಪ, ಸಂತೋಷಕ್ಕೆ ಫೋನಲ್ಲೇ ಅತ್ತುಬಿಟ್ಲು.”

ವೆಂಡೆಲ್ ಒಳಗೆ ಬಂದು ಕುರ್ಚಿಯಲ್ಲಿ ಕುಸಿದ. ನಡೆದದ್ದನ್ನು ತೊದಲುತ್ತ ಹೇಳಿದ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಧಾನವಾಗಿ ಮಿಸ್ ಹಾಲ್ವರ್ಸನ್‌ರ ಮುಖ ಅರಳಿತು. ಅವನ ಕಾಫಿಗೆ ತಾವೇ ಸಕ್ಕರೆ ಹಾಕಿ ಕಲಕಿ, ಮುಂದಿಟ್ಟರು.

“ಅಳ್ಬೇಡ ಕಣೋ” ಎಂದರು. “ದೂರದ ಊರು ಅಂತ ಹೆದ್ರಬೇಡ. ಪರಿಚಯದ ಮುಖ ಮೂರಾದ್ರೂ ಇರುತ್ತಲ್ಲ.”