ಆರಾಧ್ಯರ ಕೈಗುಣದ ಗ್ಲೌಸು

ಭಾನುವಾರ ಬೆಳಿಗ್ಗೆ ಆರಾಧ್ಯರು ಬಲಗೈ ಮೇಲೆತ್ತಿ ನಮಗೆಲ್ಲ ತೋರಿಸಿದರು. ಮೊಣಕೈವರೆಗೂ ಕೆಂಪು ಚರ್ಮದ ಗ್ಲೌಸು, ಬೆರಳಿಗೊಂದರಂತೆ ಐದು ವೈರು. ಐದೂ ಹೋಗಿ ಸೇರಿದ್ದು ಸೊಂಟಕ್ಕೆ ಕಟ್ಟಿಕೊಂಡ ತಗಡಿನ ಡಬ್ಬಿಗೆ. ಅದು ಯಾವ ಡಬ್ಬಿ ಅಂತ ನನಗೆ ನೋಡಿದ ಕೂಡಲೇ ಗೊತ್ತಾಯಿತು. ಯುಗಾದಿಗೆ ಅದರ ತುಂಬ ಚಕ್ಕುಲಿ ತುಂಬಿ ಅವರ ಮನೆಗೆ ಕಳಿಸಿದ್ದು ನಾನೇ.

"ಇದು ಕೈಗುಣ ಹಿಡಿಯೋ ಯಂತ್ರ!" ಅಂದರು.

ಆರಾಧ್ಯರು ಐಟಿಐಯಲ್ಲಿ ಪಾಠ ಹೇಳಿ ನಿವೃತ್ತರಾದವರು, ತುಮಕೂರಿನಲ್ಲಿ ನಮ್ಮ ಪಕ್ಕದ ಮನೆ. ನಾನು ಸಿದ್ದಗಂಗಮ್ಮ, ಮದುವೆಮನೆಗಳಿಗೆ ಒಬ್ಬಟ್ಟು ಮಾಡಿಕೊಡುವವಳು. ನನ್ನದೊಂದು ಹಳೆಯ ಅಂಬಾಸಿಡರ್ ಇದೆ. ಅದರ ಡಿಕ್ಕಿಯಲ್ಲಿ ಎರಡು ಕೊಪ್ಪರಿಗೆ ಆರಾಮಾಗಿ ಕೂರುತ್ತವೆ, ಈಗಿನ ಯಾವ ಕಾರಿನಲ್ಲಿ ಕೂರಿಸುತ್ತೀರಿ ಹೇಳಿ. ಆರಾಧ್ಯರದು ನೀಲಿ ಬಣ್ಣದ ಪದ್ಮಿನಿ, ವಯಸ್ಸು ನಲವತ್ತೈದು. ಪಿಸೆ ಟೈಲರ್ ಅವರದು ಇನ್ನೂ ಹಳೆಯ ಜೀಪು, ಅದರ ಸೀಟಿನ ಕವರನ್ನು ಅವರೇ ಸೂಟಿನ ಬಟ್ಟೆಯಲ್ಲಿ ಹೊಲಿದಿದ್ದಾರೆ. ನಾವು ಮೂವರೂ ಭಾನುವಾರ ತಪ್ಪದೆ ಸೇರುವುದು ನಮ್ಮ ಬೀದಿ ಕೊನೆಯಲ್ಲಿ, ದಸ್ತಗೀರ್ ಮೇಸ್ತ್ರಿಯ ಕಾರು ರಿಪೇರಿ ಶೆಡ್ಡಿನ ಮುಂದೆ, ಹೊಂಗೆ ಮರದ ಕೆಳಗೆ. ಯಾರ ಗಾಡಿ ಈ ವಾರ ಎಲ್ಲಿ ನಿಂತಿತು, ಯಾರು ತಳ್ಳಿದರು ಅನ್ನುವುದೇ ಮಾತು. ನಿಲ್ಲದೆ ಮನೆ ಸೇರಿದವರಿಗೆ ಅವತ್ತು ಹೇಳುವುದಕ್ಕೆ ಏನೂ ಇರುವುದಿಲ್ಲ.

ಈ ಭಾನುವಾರ ಮಾತ್ರ ಎಲ್ಲರ ಮುಖವೂ ಬಾಡಿತ್ತು. ಮೇಸ್ತ್ರಿಯ ಕೈ ಆರು ತಿಂಗಳಿಂದ ನಡುಗುತ್ತಿತ್ತು. ಇನ್ನು ಸ್ಪ್ಯಾನರ್ ಹಿಡಿಯಲಾರೆ, ಶೆಡ್ ಮುಚ್ಚುತ್ತೇನೆ ಅಂತ ಹೇಳಿಬಿಟ್ಟಿದ್ದರು. ಶುಕ್ರವಾರ ಆರಾಧ್ಯರ ಕಾರಿಗೆ ಎಫ್‌ಸಿ ಪರೀಕ್ಷೆ. ಅದರಲ್ಲಿ ಪಾಸಾದರೆ ಇನ್ನೂ ಐದು ವರ್ಷ ರಸ್ತೆ ಮೇಲೆ ಓಡಬಹುದು. ಫೇಲಾದರೆ ಆರ್‌ಟಿಓ ಮೈದಾನದಿಂದ ಸೀದಾ ಗುಜರಿಗೆ, ಮನೆ ಕಡೆ ತಿರುಗಿಸಲೂ ಕೂಡದು ಅಂತ ಅವರ ಹೆಂಡತಿ ಸರ್ವಮಂಗಳಮ್ಮ ತೀರ್ಪು ಕೊಟ್ಟಾಗಿತ್ತು. ಕಾರು ನಿಲ್ಲುವ ಜಾಗದಲ್ಲಿ ತೂಗುಮಂಚ ಹಾಕಿಸಬೇಕಂತೆ. ಮೂರು ಮದುವೆಗಳಿಗೆ ಆಕೆ ಮುಹೂರ್ತ ಮುಗಿದ ಮೇಲೆ, ಪಾಯಸ ಬಡಿಸುವ ಹೊತ್ತಿಗೆ ಹೋಗಿ ತಲುಪಿದ್ದು ಈ ಕಾರಿನ ದಯೆಯಿಂದಲೇ. ಆ ಮೂರರಲ್ಲಿ ಎರಡಕ್ಕೆ ಒಬ್ಬಟ್ಟು ನನ್ನದು, ನಾನೇ ಸಾಕ್ಷಿ.

ಬಾಯಲ್ಲಿ ಬೈದರೂ ಮನೆಯ ಉಳಿದ ಕೆಲಸದಲ್ಲಿ ಆಕೆ ಬಹಳ ಅಚ್ಚುಕಟ್ಟು. ದಿನಾ ಬೆಳಿಗ್ಗೆ ಐದೂವರೆಗೆ ನಾನು ಒಲೆ ಹಚ್ಚುವ ಹೊತ್ತಿಗೆ ಕಾಂಪೌಂಡಿನ ಆಚೆಯಿಂದ ಪಟಪಟ ಅಂತ ಸದ್ದು ಬರುತ್ತದೆ. ಏನದು ಅಂತ ಒಮ್ಮೆ ಕೇಳಿದಾಗ, ಸಾರಿಗೆ ನುಗ್ಗೇಕಾಯಿ ಮುರಿಯುತ್ತಿದ್ದೆ ಅಂದಿದ್ದರು.

ಸರಿ, ಆರಾಧ್ಯರು ಗ್ಲೌಸನ್ನು ಮೇಸ್ತ್ರಿಯ ಕೈಗೆ ತೊಡಿಸಿದರು. ಕೈಗುಣ ಅನ್ನುವುದು ಬೆರಳ ತುದಿಯಲ್ಲಿ ಹರಿಯುವ ಒಂದು ಅಲೆ, ಅರ್ಧ ಗಂಟೆ ಕೆಲಸ ಮಾಡಿದರೆ ಅದು ಡಬ್ಬಿಯಲ್ಲಿ ಶೇಖರವಾಗುತ್ತದೆ, ಆಮೇಲೆ ಗ್ಲೌಸು ಯಾರು ತೊಟ್ಟರೂ ಮೇಸ್ತ್ರಿಯ ಕೈಯೇ ಅಂತ ವಿವರಿಸಿದರು. ಮೇಸ್ತ್ರಿ ನಂಬಲಿಲ್ಲ. ಆದರೂ ಪದ್ಮಿನಿಯ ಬಾನೆಟ್ ಎತ್ತಿ ಕಾರ್ಬುರೇಟರಿಗೆ ಕೈ ಹಾಕಿದರು.

ಬಾನೆಟ್ ಎತ್ತಿದ್ದನ್ನು ಕಂಡು ಸುಮ್ಮನೆ ನಿಲ್ಲುವವರು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಪಿಸೆಯವರು ಬಗ್ಗಿ ಫ್ಯಾನ್ ಬೆಲ್ಟು ಎಷ್ಟು ಸಡಿಲವಿದೆ ಅಂತ ಗೇಣು ಹಾಕಿ ಅಳೆದರು. ನಾನು ಆಯಿಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಎಳೆ ಬರುತ್ತದೋ ಅಂತ ನೋಡಿದೆ, ಪಾಕ ನೋಡುವ ಹಾಗೆ. ಮಂಗಳಮ್ಮ ಕಾಫಿ ತಂದವರು, ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯನ್ನು ಬಾನೆಟ್ಟಿನ ಅಂಚಿಗೆ ಊರಿ, ಗುಜರಿಗೆ ಹೋಗುವುದಕ್ಕೆ ಇಷ್ಟೊಂದು ಉಪಚಾರ ಯಾಕೆ ಅಂತ ಗೊಣಗುತ್ತ ನಿಂತಿದ್ದರು. ಡಬ್ಬಿ ಗುಂಯ್ ಅನ್ನುತ್ತಿತ್ತು.

ಮಂಗಳವಾರ ಅವರ ಮನೆ ಮುಂದೆ ಮೊದಲ ಪ್ರಯೋಗ. ಆರಾಧ್ಯರು ಗ್ಲೌಸು ತೊಟ್ಟರು. ಕೈ ತಾನಾಗಿಯೇ ಹೋಗಿ ಬಾನೆಟ್ ಎತ್ತಿತು, ಒಂದು ಸ್ಕ್ರೂ ಕಾಲು ಸುತ್ತು ತಿರುಗಿಸಿತು. ಕೀಲಿ ತಿರುಗಿಸಿದರೆ ಇಂಜಿನ್ನು ಮೊದಲ ಸಲಕ್ಕೇ ಹತ್ತಿಕೊಂಡಿತು. ಆರಾಧ್ಯರು ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಎಳನೀರಿನ ತಿಮ್ಮಯ್ಯ ಸೈಕಲ್ ತಳ್ಳಿಕೊಂಡು ಬಂದ. ಗ್ಲೌಸು ಅವನ ಭುಜ ಹಿಡಿದು ತಿರುಗಿಸಿ ನಿಲ್ಲಿಸಿತು. ಬೆನ್ನಿನ ಅಗಲ ಅಳೆಯಿತು, ತೋಳಿನ ಉದ್ದ ಅಳೆಯಿತು, ಕಾಲರಿಗೆ ಬಂದು ಕತ್ತಿನ ಸುತ್ತ ಬೆರಳು ಆಡಿಸಿತು. ತಿಮ್ಮಯ್ಯ ಮಚ್ಚು ಕೈಯಲ್ಲಿದ್ದೂ ಬೆವರಿಬಿಟ್ಟ. ಆರಾಧ್ಯರು ಕ್ಷಮೆ ಕೇಳುತ್ತಲೇ ಅವನ ಸೊಂಟಕ್ಕೆ ಗೇಣು ಹಾಕುತ್ತಿದ್ದರು.

ಅಲ್ಲಿಂದ ಬಿಡಿಸಿಕೊಂಡು ನಮ್ಮ ಅಡುಗೆಮನೆಗೆ ಓಡಿ ಬಂದರು. ಗ್ಲೌಸು ಹೂರಣದ ಉಂಡೆ ಹಿಡಿದು ಕಣಕದಲ್ಲಿ ತುಂಬಿ ತಟ್ಟತೊಡಗಿತು. ನಿಜ ಹೇಳಬೇಕೆಂದರೆ ನನ್ನ ಒಬ್ಬಟ್ಟಿನಷ್ಟೇ ತೆಳುವು, ಅಷ್ಟೇ ದುಂಡಗೆ. ಆದರೆ ಒಂದೊಂದರ ನಡುವೆಯೂ ಗ್ರೀಸಿನ ಐದು ಬೆರಳು. ಹನ್ನೆರಡು ಒಬ್ಬಟ್ಟಾದ ಮೇಲೆ ಅದು ನನ್ನ ಗ್ಯಾಸ್ ಒಲೆ ಬಿಚ್ಚಿತು, ಬರ್ನರ್ ಒರೆಸಿತು, ಮತ್ತೆ ಜೋಡಿಸಿತು. ಕೊನೆಗೆ ಒಂದು ನಟ್ಟು ಉಳಿಯಿತು. ಅದು ಮೇಸ್ತ್ರಿಯದೇ ಕೈ ಅಂತ ನನಗೆ ಆಗ ಪೂರ್ತಿ ನಂಬಿಕೆ ಬಂತು.

"ಆರಾಧ್ಯರೇ, ಅವತ್ತು ನಾವೆಲ್ಲ ಕೈ ಹಾಕಿದ್ವಲ್ಲ. ನಿಮ್ಮ ಡಬ್ಬಿ ಯಾರನ್ನೂ ಬಿಟ್ಟಿಲ್ಲ" ಅಂದೆ.

ಅವರ ಮುಖ ಇಳಿದುಹೋಯಿತು. ಹಿಡಿದದ್ದನ್ನು ಅಳಿಸಿ ಹೊಸದಾಗಿ ಹಿಡಿಯಬೇಕಾದರೆ ಎಂಟು ದಿನ ಬೇಕಂತೆ. ಪರೀಕ್ಷೆಗೆ ಇದ್ದದ್ದು ಮೂರೇ ದಿನ. ನಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು ಆ ಗ್ರೀಸಿನ ಒಬ್ಬಟ್ಟನ್ನೇ ಒಂದು ತಿಂದರು. ಮಂಗಳಾಗೆ ತೂಗುಮಂಚ ಕೊಡಿಸುವುದರಲ್ಲಿ ನನಗೇನೂ ಬೇಜಾರಿಲ್ಲ ಸಿದ್ದಗಂಗಮ್ಮ, ಆದರೆ ಆ ಕಾರಿನಲ್ಲೇ ಅವಳನ್ನು ಮನೆ ತುಂಬಿಸಿಕೊಂಡು ಬಂದದ್ದು ಅಂದರು. ನಾನು ನೀರು ಕೊಟ್ಟೆ.

ಶುಕ್ರವಾರ ಹನ್ನೊಂದು ಗಂಟೆಗೆ ಆರ್‌ಟಿಓ ಮೈದಾನದಲ್ಲಿ ಉರಿಬಿಸಿಲು. ಆರಾಧ್ಯರು ಪದ್ಮಿನಿಯಲ್ಲಿ, ಉಳಿದವರೆಲ್ಲ ನನ್ನ ಅಂಬಾಸಿಡರ್‌ನಲ್ಲಿ. ಮೇಸ್ತ್ರಿಗೆ ಪಿಸೆಯವರು ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ಮಂಗಳಮ್ಮ ಗುಜರಿಯವನ ಫೋನ್ ನಂಬರನ್ನು ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದರು. ಇನ್ಸ್‌ಪೆಕ್ಟರು ತಾಳ್ಮೆಯ ಮನುಷ್ಯ. ಲೈಟು ನೋಡಿದರು, ಬ್ರೇಕು ನೋಡಿದರು, ತಲೆಯಾಡಿಸಿದರು. ಕೊನೆಗೆ ಒಮ್ಮೆ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಲು ಹೇಳಿದರು.

ಆಫ್ ಆಯಿತು. ಸ್ಟಾರ್ಟ್ ಆಗಲಿಲ್ಲ.

ಮತ್ತೆ ತಿರುಗಿಸಿದರು, ಇಲ್ಲ. ಹಿಂದೆ ಸಾಲುಗಟ್ಟಿ ನಿಂತ ಲಾರಿಗಳು ಹಾರನ್ ಹೊಡೆದವು. ಐದು ನಿಮಿಷ ಕೊಡುತ್ತೇನೆ, ಆಮೇಲೆ ಫೇಲು ಅಂತ ಬರೆಯಬೇಕಾಗುತ್ತದೆ ಅಂದರು ಇನ್ಸ್‌ಪೆಕ್ಟರು. ಆರಾಧ್ಯರು ನಮ್ಮನ್ನೊಮ್ಮೆ ನೋಡಿ, ಸೀಟಿನ ಕೆಳಗಿಂದ ಗ್ಲೌಸು ತೆಗೆದು ತೊಟ್ಟರು.

ಅದು ಮೊದಲು ಮಾಡಿದ ಕೆಲಸ ಇನ್ಸ್‌ಪೆಕ್ಟರ ಎದೆ ಅಳೆದದ್ದು. "ಇದು ನಾನಲ್ಲ ಸಾರ್, ಪಿಸೆ!" ಅಂತ ಆರಾಧ್ಯರು ಕೂಗಿಕೊಂಡರು. ಪಿಸೆಯವರು ಲಾರಿಯ ಮರೆಗೆ ಹೋದರು. ಆಮೇಲೆ ಗ್ಲೌಸು ಆಯಿಲ್ ಎಳೆ ನೋಡಿತು, ರುಚಿ ನೋಡಲೆಂದು ಆರಾಧ್ಯರದೇ ನಾಲಿಗೆಗೆ ಹಚ್ಚಿತು. ಅದು ನನ್ನ ಅಭ್ಯಾಸ, ಒಪ್ಪಿಕೊಳ್ಳುತ್ತೇನೆ. ಆಮೇಲೆ ಮೇಸ್ತ್ರಿಯ ಕೈ ಬಂತು, ಎರಡು ಸ್ಕ್ರೂ ತಿರುಗಿಸಿತು, ಪ್ಲಗ್ಗಿನ ವೈರು ಒತ್ತಿತು. ಇಂಜಿನ್ನು ಕೆಮ್ಮಿತು, ಅಷ್ಟೇ. ಡಬ್ಬಿಯಿಂದ ಹೊಗೆ ಬರತೊಡಗಿತು. ಮಂಗಳಮ್ಮನ ಕೈಯಲ್ಲಿದ್ದ ಚೀಟಿ ಮುದ್ದೆಯಾಗಿತ್ತು.

ಆಗ ಗ್ಲೌಸು ನಿಧಾನವಾಯಿತು. ಬಾನೆಟ್ ಮುಚ್ಚಿತು. ಆರಾಧ್ಯರ ಹೆಗಲ ಮೇಲಿನ ವಸ್ತ್ರ ಎಳೆದುಕೊಂಡು ಎರಡೂ ಹೆಡ್‌ಲೈಟನ್ನು ಒರೆಸಿತು, ಮಗುವಿನ ಮೂಗು ಒರೆಸುವಷ್ಟು ಮೃದುವಾಗಿ. ಬಾನೆಟ್ಟನ್ನು ಮೆಲ್ಲಗೆ ಎರಡು ಸಲ ತಟ್ಟಿತು. ಎಡಗೈ ಪಾಪ ಬಲಗೈ ಹೇಳಿದಂತೆ ಕೇಳಿತು. ಎರಡೂ ಕೈ ಸೇರಿ ಕಾರನ್ನು ಮೇಲಿಂದ ಕೆಳಗೆ ನೀವಾಳಿಸಿ, ಆರಾಧ್ಯರ ಕಿವಿಯ ಪಕ್ಕಕ್ಕೆ ಬಂದು, ಇಡೀ ಆರ್‌ಟಿಓ ಮೈದಾನದ ಎದುರಿಗೆ ದೃಷ್ಟಿ ತೆಗೆದು ನೆಟಿಗೆ ಮುರಿದವು. ಪಟಪಟ ಪಟಪಟ!

ಪಿಸೆಯವರು ಮರೆಯಿಂದ ಓಡಿಬಂದು ಕೀಲಿ ತಿರುಗಿಸಿದರು. ಇಂಜಿನ್ನು ಹತ್ತಿಕೊಂಡು ಹೊಲಿಗೆ ಮೆಷಿನ್ನಿನ ಹಾಗೆ ಓಡಿತು.

ಇನ್ಸ್‌ಪೆಕ್ಟರು ಒಂದು ಕ್ಷಣ ಯೋಚಿಸಿ ಸಹಿ ಹಾಕಿದರು. ಮೇಸ್ತ್ರಿ ಕುರ್ಚಿಯಲ್ಲಿ ಕೂತೇ ಹೇಳಿದರು: "ಬಿಸಿಲಿಗೆ ಪೆಟ್ರೋಲ್ ಪಂಪು ಕಾದಿತ್ತು ಸಾಮಿ. ಐದು ನಿಮಿಷ ಆರಿತು, ಹತ್ತಿಕೊಂತು, ಅಷ್ಟೇ. ಆದ್ರೆ ಗಂಗಕ್ಕ, ಆ ಕಡೇ ಕೈ ಯಾರ್ದು? ನಂದಂತೂ ಅಲ್ಲ."

ನನ್ನದೂ ಅಲ್ಲ. ಪಿಸೆಯವರದೂ ಅಲ್ಲ. ಎಲ್ಲರೂ ತಿರುಗಿ ಮಂಗಳಮ್ಮನನ್ನು ನೋಡಿದೆವು. ಆಕೆ ದೂರದ ಬೇವಿನ ಮರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಬಿಸಿಲು ಎಷ್ಟು ಸುಡ್ತಿದೆ, ನಿಂತ್ಕೊಂಡು ಏನ್ ನೋಡ್ತೀರಾ ಎಲ್ಲಾ? ರೀ, ಡೋರ್ ತೆಗೀರಿ" ಅಂದರು. ಬರುವಾಗ ನನ್ನ ಗಾಡಿಯಲ್ಲಿ ಬಂದವರು ಹೋಗುವಾಗ ಪದ್ಮಿನಿಯ ಮುಂದಿನ ಸೀಟಿನಲ್ಲಿ ಹೋದರು.

ಡಬ್ಬಿ ಸುಟ್ಟು ಅದರಲ್ಲಿ ಆ ಕೊನೆಯ ಕೈಯೊಂದೇ ಉಳಿದಿದೆ. ಮೇಸ್ತ್ರಿ ಶೆಡ್ ಮುಚ್ಚಲಿಲ್ಲ. ಕುರ್ಚಿಯಲ್ಲಿ ಕೂತು ಬೈಯುತ್ತಾರೆ, ಆರಾಧ್ಯರು ಬರಿಗೈಯಲ್ಲಿ ಸ್ಪ್ಯಾನರ್ ತಿರುಗಿಸುತ್ತಾರೆ. ಈಗಲೂ ಒಂದು ನಟ್ಟು ಉಳಿಯುತ್ತದೆ. ಗ್ಲೌಸನ್ನು ನಾನು ಬಿಸಿ ಕೊಪ್ಪರಿಗೆ ಇಳಿಸಲು ಇಟ್ಟುಕೊಂಡಿದ್ದೇನೆ. ಪ್ರತಿ ಸಲವೂ ಅದು ಪಾಯಸಕ್ಕೆ ದೃಷ್ಟಿ ತೆಗೆದೇ ಇಳಿಸುತ್ತದೆ. ಮದುವೆಮನೆಯವರು ಇದು ನಮ್ಮ ಕಡೆಯ ಪದ್ಧತಿ ಅಂದುಕೊಂಡು ಕೈಮುಗಿಯುತ್ತಾರೆ, ನಾನೂ ಕೈಮುಗಿಯುತ್ತೇನೆ.

ಮಂಗಳಮ್ಮ ಇವತ್ತಿಗೂ ಆ ಕಾರನ್ನು ಗುಜರಿ ಅಂತಲೇ ಕರೆಯುತ್ತಾರೆ. ಬೆಳಿಗ್ಗೆ ಐದೂವರೆಯ ಪಟಪಟ ಸದ್ದು ಮಾತ್ರ ಒಂದು ದಿನವೂ ತಪ್ಪಿಲ್ಲ. ನುಗ್ಗೇಕಾಯಿ ಕಾಲ ಮುಗಿದು ಎರಡು ತಿಂಗಳಾಯಿತು.